ಹಳೆ ಬೇಲಿ ಕೀಳಿಸುವ ಮುನ್ನ

ಬೇಲಿ ಹಾಕಿಸುವಾಗ ನಮ್ಮ ರೈತರು ಬಹಳ ಜಾಗರೂಕರು. ಕಲ್ಲು ಗಟ್ಟಿಯೋ ಮೆತ್ತಗೋ, ತಂತಿ ಎಷ್ಟು ಗೇಜಿನದು, ಗುಂಡಿ ಎಷ್ಟು ಆಳ ಎಂದು ನಾಲ್ಕು ಜನರನ್ನು ವಿಚಾರಿಸಿಯೇ ಮುಂದುವರಿಯುತ್ತಾರೆ. ಅದೇ ಬೇಲಿ ಹಳತಾಗಿ ತೆಗೆಸುವ ಕಾಲ ಬಂದಾಗ ಮಾತ್ರ, ‘ಒಂದು ಜೆಸಿಬಿ ಕರೆಸಿ ಎತ್ತಿಸಿಬಿಟ್ಟರಾಯಿತು’ ಎಂದು ಸುಮ್ಮನಾಗುತ್ತಾರೆ. ಗುತ್ತಿಗೆದಾರನೊಂದಿಗೆ ಆಗುವುದು ಒಂದೇ ಮಾತು: ಎಷ್ಟು ಹಣ, ಯಾವತ್ತು ಬರುತ್ತೀ.

ಅಣ್ಣತಮ್ಮಂದಿರ ಪಾಲಾದಾಗ, ಮನೆಯ ಹಿತ್ತಲನ್ನು ದೊಡ್ಡದು ಮಾಡುವಾಗ, ಮುಳ್ಳುತಂತಿ ತೆಗೆದು ಜಾಲರಿ ಹಾಕುವಾಗ, ತೋಟಕ್ಕೆ ಟ್ರ್ಯಾಕ್ಟರ್ ಹೋಗಲು ದಾರಿ ಬಿಡುವಾಗ ಈ ಕೆಲಸ ಬರುತ್ತದೆ. ಒಂದೆರಡು ದಿನದಲ್ಲಿ ಮುಗಿದುಹೋಗುವ ಕೆಲಸ. ಆದರೆ ಆ ಒಂದೆರಡು ದಿನದಲ್ಲಿ ಜಮೀನಿನ ಗಡಿ ಗುರುತು ಹೋಗಬಹುದು, ಮಾರಿದರೆ ಹಣ ಬರುವ ಸಾಮಾನು ಬಿಟ್ಟಿಯಾಗಿ ಹೋಗಬಹುದು, ನಾಲ್ಕು ತಿಂಗಳ ಮೇಲೆ ಕೊಟ್ಟಿಗೆಯಲ್ಲಿ ಕರೆಯುವ ಹಸು ಸಾಯಬಹುದು. ಕಡೆಯದನ್ನು ಓದಿ ನಿಮಗೆ ಆಶ್ಚರ್ಯವಾಗಿರಬಹುದು. ಆ ವಿಷಯಕ್ಕೆ ಮುಂದೆ ಬರುತ್ತೇನೆ.

ನಿಮ್ಮ ಬೇಲಿಯಲ್ಲಿ ಏನೇನಿದೆ?

ಗುತ್ತಿಗೆದಾರನನ್ನು ಕರೆಯುವ ಮೊದಲು ನೀವೇ ಒಂದು ಸುತ್ತು ನಡೆದು ಕಂಬಗಳನ್ನು ಎಣಿಸಿರಿ. ಒಂದು ಉದಾಹರಣೆ ನೋಡೋಣ. ಚೌಕವಾಗಿರುವ ಒಂದು ಎಕರೆ ಜಮೀನಿನ ಒಂದು ಪಕ್ಕ ಸುಮಾರು 209 ಅಡಿ. ನಾಲ್ಕು ಪಕ್ಕ ಸೇರಿ 835 ಅಡಿ. ಹತ್ತು ಅಡಿಗೊಂದು ಕಂಬವಿದ್ದರೆ 84 ಕಂಬಗಳಾಗುತ್ತವೆ. ನಾಲ್ಕು ಸಾಲು ತಂತಿ ಎಳೆದಿದ್ದರೆ ತಂತಿಯ ಉದ್ದ ಒಂದು ಸಾವಿರ ಮೀಟರಿಗೆ ಮೇಲಾಯಿತು. ಹನ್ನೆರಡು ಗೇಜಿನ ಮುಳ್ಳುತಂತಿ ಕಿಲೋಗೆ ಸುಮಾರು 8ರಿಂದ 10 ಮೀಟರ್ ಬರುತ್ತದೆ. ಅಂದರೆ ನೂರು ಕಿಲೋಗೂ ಹೆಚ್ಚು ಕಬ್ಬಿಣ ನಿಮ್ಮ ಬೇಲಿಯ ಮೇಲಿದೆ. ತುಕ್ಕು ಹಿಡಿದಿದ್ದರೆ ತೂಕ ಸ್ವಲ್ಪ ಇಳಿದಿರುತ್ತದೆ, ಅಷ್ಟೆ.

ಕಲ್ಲಿನ ಲೆಕ್ಕ ಇನ್ನೂ ದೊಡ್ಡದು. ಆರಂಗುಲ ದಪ್ಪ, ಆರಂಗುಲ ಅಗಲ, ಏಳು ಅಡಿ ಉದ್ದದ ಕಗ್ಗಲ್ಲಿನ ಕಂಬ ಸುಮಾರು 130 ಕಿಲೋ ತೂಗುತ್ತದೆ. ಅಂಥ 84 ಕಂಬ ಎಂದರೆ ಹತ್ತಿರ ಹತ್ತಿರ 11 ಟನ್. ಕಲ್ಲುಕಂಬಕ್ಕೆ ತುಕ್ಕಿಲ್ಲ, ಗೆದ್ದಲಿಲ್ಲ. ಮೂವತ್ತು ವರ್ಷ ನಿಂತದ್ದನ್ನು ಎತ್ತಿ ಇನ್ನೊಂದು ಕಡೆ ನೆಟ್ಟರೆ ಹೊಸದರಂತೆಯೇ ನಿಲ್ಲುತ್ತದೆ. ದ್ರಾಕ್ಷಿ ಚಪ್ಪರಕ್ಕೆ, ದನದ ಕೊಟ್ಟಿಗೆಗೆ, ಕಣದ ಸುತ್ತಲಿನ ಆವರಣಕ್ಕೆ ಹಳೆ ಕಂಬ ಕೊಳ್ಳುವವರು ಅಕ್ಕಪಕ್ಕದ ಊರುಗಳಲ್ಲೇ ಇರುತ್ತಾರೆ. ನಿಮ್ಮ ಕಡೆ ಹಳೆ ಕಂಬಕ್ಕೆ ಏನು ಬೆಲೆ ಎಂದು ಕೇಳಿ ತಿಳಿದು, ಕಂಬಗಳ ಸಂಖ್ಯೆಯಿಂದ ಗುಣಿಸಿ ನೋಡಿರಿ. ಗುಜರಿಯವರನ್ನು ಕಬ್ಬಿಣದ ದರ ಕೇಳಿರಿ. ಈ ಎರಡು ಅಂಕಿಗಳು ನಿಮ್ಮ ಕೈಯಲ್ಲಿಲ್ಲದೆ ಗುತ್ತಿಗೆ ಮಾತು ಆಡಬಾರದು.

ಯಾಕೆಂದರೆ, ‘ದುಡ್ಡೇನೂ ಬೇಡ ಗೌಡ್ರೇ, ಸಾಮಾನು ನಾವು ತಗೊಂಡು ಹೋಗ್ತೀವಿ, ಜಾಗ ಕ್ಲೀನ್ ಮಾಡಿ ಕೊಡ್ತೀವಿ’ ಎಂದು ಬರುವವರಿದ್ದಾರೆ. ಇದರಲ್ಲಿ ಮೋಸವೇ ಇರುತ್ತದೆಂದು ನಾನು ಹೇಳುವುದಿಲ್ಲ. ಕೊಳೆತ ಮರದ ಗೂಟ, ಪುಡಿಯಾಗುವ ತಂತಿ ಇರುವ ಬೇಲಿಗೆ ಈ ವ್ಯವಹಾರ ನಿಮಗೇ ಲಾಭ. ಗಟ್ಟಿ ಕಲ್ಲುಕಂಬದ ಬೇಲಿಗೆ ಹೀಗೆ ಒಪ್ಪಿದರೆ ಮಾತ್ರ ಕೆಲಸದ ಕೂಲಿಯ ಹಲವು ಪಟ್ಟು ಮಾಲನ್ನು ಕೈಯಾರೆ ಕೊಟ್ಟು ಕಳಿಸಿದಂತಾಗುತ್ತದೆ.

ಗಂಟೆ ಲೆಕ್ಕವೋ, ಕಂಬದ ಲೆಕ್ಕವೋ?

ಯಂತ್ರವನ್ನು ಗಂಟೆ ಲೆಕ್ಕದಲ್ಲಿ ಕರೆಸುವುದು ಈಗ ಎಲ್ಲ ಕಡೆ ರೂಢಿ. ಬಾಡಿಗೆ ಊರಿಂದೂರಿಗೆ ಬೇರೆ ಇರುತ್ತದೆ, ಕೆರೆ ಹೂಳೆತ್ತುವ ಕಾಲದಲ್ಲಿ ಏರುತ್ತದೆ. ಆದ್ದರಿಂದ ದರವನ್ನು ನಾನಿಲ್ಲಿ ಬರೆಯುವುದಿಲ್ಲ. ಆದರೆ ಎರಡು ಮಾತನ್ನು ಮೊದಲೇ ಕೇಳಿಕೊಳ್ಳಿರಿ. ಗಂಟೆ ಎಲ್ಲಿಂದ ಶುರು? ಯಂತ್ರ ಅವರ ಊರು ಬಿಟ್ಟಾಗಿನಿಂದಲೋ, ನಿಮ್ಮ ಹೊಲದಲ್ಲಿ ಕೆಲಸಕ್ಕೆ ಇಳಿದಾಗಿನಿಂದಲೋ? ಎರಡನೆಯದು, ಚಾಲಕನ ಊಟ, ಡೀಸೆಲ್ ತರಲು ಹೋದ ಹೊತ್ತು ಯಾರ ಲೆಕ್ಕ? ಯಂತ್ರದಲ್ಲಿ ಗಂಟೆ ತೋರಿಸುವ ಮೀಟರು ಇರುತ್ತದೆ. ಕೆಲಸ ಆರಂಭಿಸುವಾಗ ಅಂಕಿಯನ್ನು ಬರೆದಿಟ್ಟುಕೊಂಡು, ಮುಗಿದಾಗ ಮತ್ತೆ ನೋಡಿ ಕಳೆಯಿರಿ. ಆ ಮೀಟರಿನಲ್ಲಿ ಚುಕ್ಕೆಯ ನಂತರದ ಅಂಕಿ ನಿಮಿಷವಲ್ಲ, ಗಂಟೆಯ ಹತ್ತನೇ ಒಂದು ಭಾಗ. 3.5 ಎಂದರೆ ಮೂರೂವರೆ ಗಂಟೆ, 3.1 ಎಂದರೆ ಮೂರು ಗಂಟೆ ಆರು ನಿಮಿಷ. ಇದನ್ನು ತಿಳಿಯದೆ ಹೊಲದ ಬದುವಿನಲ್ಲಿ ಜಗಳ ಆಡುವವರನ್ನು ಕಂಡಿದ್ದೇನೆ.

ಗಂಟೆ ಲೆಕ್ಕದಲ್ಲಿ ಇನ್ನೊಂದು ತೊಂದರೆಯುಂಟು. ಕೆಲಸ ಬೇಗ ಮುಗಿಸು ಎಂದು ನೀವೇ ಅವಸರ ಮಾಡುತ್ತೀರಿ. ಚಾಲಕ ಬಕೆಟ್ಟಿನಿಂದ ಕಂಬವನ್ನು ಪಕ್ಕಕ್ಕೆ ಒತ್ತುತ್ತಾನೆ. ಕಂಬ ನೆಲದ ಮಟ್ಟದಲ್ಲಿ ಪಟ್ಟನೆ ಮುರಿಯುತ್ತದೆ. ಮೇಲಿನ ಐದಡಿ ತುಂಡು ಕೈಗೆ ಬರುತ್ತದೆ, ಎರಡಡಿ ಮೊಂಡು ಮಣ್ಣಿನೊಳಗೆ ಉಳಿಯುತ್ತದೆ. ಮುಂದಿನ ಉಳುಮೆಯಲ್ಲಿ ನೇಗಿಲಿಗೋ ರೋಟವೇಟರಿನ ಅಲಗಿಗೋ ಅದು ತಗುಲಿದಾಗ ನಿಮಗೆ ನೆನಪಾಗುತ್ತದೆ. ಸರಿಯಾದ ಕ್ರಮವೆಂದರೆ, ಕಂಬದ ಒಂದು ಪಕ್ಕ ಬುಡದವರೆಗೆ ಮಣ್ಣು ತೋಡಿ, ಕಂಬವನ್ನು ಸ್ವಲ್ಪ ಸಡಿಲಿಸಿ, ಸರಪಳಿಯನ್ನೋ ಬೆಲ್ಟನ್ನೋ ಬುಡದ ಹತ್ತಿರ ಬಿಗಿದು ನೇರವಾಗಿ ಮೇಲಕ್ಕೆ ಎತ್ತುವುದು. ಇದಕ್ಕೆ ಹೊತ್ತು ಹಿಡಿಯುತ್ತದೆ. ಆದ್ದರಿಂದ ಕಲ್ಲುಕಂಬಕ್ಕೆ ಗಂಟೆ ಲೆಕ್ಕಕ್ಕಿಂತ ಕಂಬದ ಲೆಕ್ಕವೇ ಮೇಲೆಂದು ನನ್ನ ಅಭಿಪ್ರಾಯ. ಇಡಿಯಾಗಿ ಬಂದ ಕಂಬಕ್ಕೆ ಇಷ್ಟು, ಮುರಿದರೆ ಕೂಲಿ ಇಲ್ಲ, ಮೊಂಡನ್ನೂ ತೆಗೆದುಕೊಡಬೇಕು ಎಂದು ಮಾತಾಡಿರಿ. ಆಗ ನಾಜೂಕಾಗಿ ಎತ್ತುವುದರಲ್ಲಿ ಗುತ್ತಿಗೆದಾರನಿಗೂ ಲಾಭವಿರುತ್ತದೆ.

ಕೆಂಪು ನೆಲದಲ್ಲಿ ಬೇಸಿಗೆಯ ನಡುವೆ ಕಂಬ ಕೀಳುವುದು ಬಲು ಕಷ್ಟ. ಅಶ್ವಿನಿ, ಭರಣಿ ಮಳೆ ಒಂದೆರಡು ಬಿದ್ದು ನೆಲ ಸಡಿಲವಾದ ಮೇಲೆ ಕೆಲಸ ಅರ್ಧದಷ್ಟು ಸುಲಭ. ಎರೆ ಭೂಮಿಯಲ್ಲಾದರೆ ಇದಕ್ಕೆ ವಿರುದ್ಧ. ಹಸಿ ಎರೆಯಲ್ಲಿ ಯಂತ್ರ ಓಡಾಡಿದರೆ ಮಣ್ಣು ಹೆಂಟೆಗಟ್ಟಿ ಆ ವರ್ಷದ ಬೆಳೆ ಕುಗ್ಗುತ್ತದೆ. ಅಲ್ಲಿ ಒಣ ನೆಲದಲ್ಲೇ ಮಾಡಿಸತಕ್ಕದ್ದು.

ಬೇಲಿಯ ಕಲ್ಲೇ ಬೇರೆ, ಗಡಿಯ ಕಲ್ಲೇ ಬೇರೆ

ಈಗ ಎಲ್ಲಕ್ಕಿಂತ ಮುಖ್ಯವಾದ ವಿಷಯ. ಸರ್ವೆಯವರು ನೆಟ್ಟ ಬಾಂದುಕಲ್ಲು ಅನೇಕ ಕಡೆ ಬೇಲಿಯ ಸಾಲಿನಲ್ಲೇ ಇರುತ್ತದೆ. ಮೂಲೆಗಳಲ್ಲಿ, ಗಡಿ ತಿರುಗುವಲ್ಲಿ, ಮೂರು ಸರ್ವೆ ನಂಬರು ಕೂಡುವಲ್ಲಿ ಮಣ್ಣಿನಿಂದ ಸ್ವಲ್ಪವೇ ಮೇಲೆ ಕಾಣುತ್ತಾ, ಪೊದೆಯಲ್ಲಿ ಮುಚ್ಚಿಹೋಗಿರುತ್ತದೆ. ಬೇರೆ ಊರಿನಿಂದ ಬಂದ ಯಂತ್ರದ ಚಾಲಕನಿಗೆ ಅದೂ ಒಂದು ಕಲ್ಲು, ಇದೂ ಒಂದು ಕಲ್ಲು. ಒಂದೇ ಏಟಿಗೆ ಎತ್ತಿ ರಾಶಿಗೆ ಹಾಕುತ್ತಾನೆ.

ನಮ್ಮ ಹೋಬಳಿಯ ರೈತರೊಬ್ಬರ ಹೊಲದಲ್ಲಿ ಹೀಗೇ ಆಯಿತು. ಉತ್ತರದ ಪಕ್ಕದ ಬೇಲಿ ತೆಗೆಸಿದರು. ಎರಡು ಬಾಂದುಕಲ್ಲುಗಳೂ ಕಂಬಗಳ ಜೊತೆ ಟ್ರೈಲರ್ ಏರಿ ಮನೆಯ ಹಿಂದೆ ಬಂದು ಬಿದ್ದವು. ಹೊಸ ಬೇಲಿಗೆ ಗುಂಡಿ ತೋಡಲು ಹೋದಾಗ, ಹಳೆ ಗುಂಡಿಗಳೆಲ್ಲ ಯಂತ್ರದ ಗಾಲಿಯಡಿ ಮುಚ್ಚಿಹೋಗಿದ್ದವು. ಅಂದಾಜಿನ ಮೇಲೆ ಹಗ್ಗ ಹಿಡಿದರು. ‘ಒಂದಡಿ ನನ್ನ ಕಡೆ ಬಂದಿದ್ದೀ’ ಎಂದು ಪಕ್ಕದ ಹೊಲದವರು ಹಗ್ಗ ಕಿತ್ತರು. ಇಪ್ಪತ್ತು ವರ್ಷ ಒಂದೇ ಬಾವಿಯ ನೀರನ್ನು ಪಾಳಿಯ ಮೇಲೆ ಹಂಚಿಕೊಂಡಿದ್ದ ಎರಡು ಮನೆಗಳು ಅವು. ಅಳತೆ ಮುಗಿದು ಕಲ್ಲು ನೆಡುವ ಹೊತ್ತಿಗೆ ಒಂದು ಮುಂಗಾರು ಕಳೆದಿತ್ತು, ಬಾವಿಯ ಪಾಳಿಯೂ ನಿಂತಿತ್ತು. ಒಂದಡಿ ಎಂದರೆ ಸಣ್ಣದೆಂದು ತಿಳಿಯಬೇಡಿರಿ. 209 ಅಡಿ ಉದ್ದದ ಪಕ್ಕದಲ್ಲಿ ಒಂದಡಿ ಸರಿದರೆ 209 ಚದರಡಿ, ಅಂದರೆ ಗುಂಟೆಯ ಐದನೇ ಒಂದು ಭಾಗಕ್ಕೆ ಹತ್ತಿರ.

1964ರ ಕರ್ನಾಟಕ ಭೂಕಂದಾಯ ಅಧಿನಿಯಮದ ಪ್ರಕಾರ ಗಡಿ ಗುರುತುಗಳನ್ನು ಕಾಪಾಡುವ ಹೊಣೆ ಜಮೀನು ಹಿಡುವಳಿದಾರನದು. ಅವನ್ನು ಕಿತ್ತರೆ, ಕೆಡಿಸಿದರೆ ದಂಡವೂ ಉಂಟು. ಕಿತ್ತವನು ಗುತ್ತಿಗೆದಾರ ಎಂದು ಹೇಳಿ ಕೈತೊಳೆದುಕೊಳ್ಳುವುದು ಕಷ್ಟ. ಆದ್ದರಿಂದ ಯಂತ್ರ ಬರುವ ಮೊದಲೇ ಪೊದೆ ಸವರಿ, ಬಾಂದುಕಲ್ಲುಗಳನ್ನು ಹುಡುಕಿ, ಸುಣ್ಣವನ್ನೋ ಕೆಂಪು ಬಣ್ಣವನ್ನೋ ದಪ್ಪವಾಗಿ ಬಳಿಯಿರಿ. ಕಲ್ಲಿನ ಸುತ್ತ ಮೂರಡಿ ಜಾಗದಲ್ಲಿ ಯಂತ್ರ ಬೇಡ, ಹಾರೆ ಗುದ್ದಲಿಯಿಂದಲೇ ಕೆಲಸವಾಗಲಿ. ಪಕ್ಕದ ಹೊಲದವರನ್ನು ಕರೆದು ಜೊತೆಯಲ್ಲಿ ನಿಲ್ಲಿಸಿಕೊಂಡು ಗುರುತು ಹಾಕಿರಿ. ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಿರಿ. ಗಡಿಯ ಬಗ್ಗೆ ಈಗಾಗಲೇ ಅನುಮಾನವಿದ್ದರೆ, ಅಥವಾ ಕಲ್ಲು ಸಿಗದಿದ್ದರೆ, ಬೇಲಿಯನ್ನು ಮುಟ್ಟುವ ಮೊದಲು ಹದ್ದುಬಸ್ತಿಗೆ ನಾಡಕಚೇರಿಯಲ್ಲಿ ಅರ್ಜಿ ಕೊಡಿರಿ. ಶುಲ್ಕ ಕಟ್ಟಿದ ಮೇಲೆ ಭೂಮಾಪಕರು ಅಕ್ಕಪಕ್ಕದವರಿಗೆ ನೋಟೀಸು ಕೊಟ್ಟು ಅಳೆದು ಗಡಿ ತೋರಿಸುತ್ತಾರೆ. ತಡವಾಗಬಹುದು. ಆದರೂ ಹಳೆ ಬೇಲಿ ನಿಂತಿರುವಾಗ ಅಳೆಸುವುದಕ್ಕೂ ಬಯಲಾದ ಮೇಲೆ ಅಳೆಸುವುದಕ್ಕೂ ಬಹಳ ವ್ಯತ್ಯಾಸವಿದೆ.

ಬೇಲಿ ಬದುವಿನ ಮೇಲಿದ್ದರೆ ಬದುವನ್ನು ಸಮ ಮಾಡಲು ಬಿಡಬೇಡಿರಿ. ‘ನೀಟಾಗಿ ಕಾಣುತ್ತೆ’ ಎಂದು ಚಾಲಕರು ತಾವಾಗಿಯೇ ಬಕೆಟ್ ಎಳೆದುಬಿಡುತ್ತಾರೆ. ಇಳಿಜಾರಿನ ಹೊಲದಲ್ಲಿ ಬದು ಹೋದರೆ ಮೇಲ್ಮಣ್ಣು ಒಂದೆರಡು ಜೋರು ಮಳೆಗೆ ಕೆಳಗಿನವರ ಹೊಲ ಸೇರುತ್ತದೆ.

ಹಸಿರು ಬೇಲಿ, ಮರಗಿಡ

ಬೇಲಿಯಲ್ಲಿ ಮರಗಳಿದ್ದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮವನ್ನು ನೆನಪಿಡಿರಿ. ಗೊಬ್ಬರದ ಗಿಡ ಗ್ಲಿರಿಸಿಡಿಯ, ಹಾಲುವಾಣ, ಸುಬಾಬುಲ್, ಬಳ್ಳಾರಿ ಜಾಲಿ ಮುಂತಾದ ಕೆಲವಕ್ಕೆ ವಿನಾಯಿತಿ ಇದೆ. ತೇಗ, ಹೊನ್ನೆ, ಬೀಟೆಯಂಥವನ್ನು ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ಬೇಲಿಯಲ್ಲಿ ಹಕ್ಕಿ ಉದುರಿಸಿದ ಬೀಜದಿಂದ ಶ್ರೀಗಂಧ ಹುಟ್ಟಿರುವುದು ಅಪರೂಪವೇನಲ್ಲ. 2001ರ ತಿದ್ದುಪಡಿಯಿಂದ ಅದು ಜಮೀನುದಾರನದೇ ಆಯಿತು ನಿಜ, ಆದರೆ ಕಡಿಯಲು ಅನುಮತಿ ಬೇಕೇಬೇಕು. ‘ಕಸ ಕಡ್ಡಿ ಎಲ್ಲ ನಮಗೆ’ ಎಂದು ಗುತ್ತಿಗೆದಾರ ಹೇಳಿದರೆ ಆ ಕಸದಲ್ಲಿ ಏನಿದೆ ಎಂದು ಒಮ್ಮೆ ನೋಡಿಕೊಳ್ಳಿರಿ.

ಬಳ್ಳಾರಿ ಜಾಲಿಯನ್ನು ನೆಲದ ಮಟ್ಟಕ್ಕೆ ಕಡಿದು ಹೋದರೆ ಕೆಲಸ ಮುಗಿದಂತಲ್ಲ. ಬುಡದ ಗಡ್ಡೆಯಿಂದ ಒಂದಕ್ಕೆ ಹತ್ತಾಗಿ ಚಿಗುರುತ್ತದೆ. ನೆಲದಿಂದ ಒಂದಡಿ ಆಳದವರೆಗೆ ಬುಡ ಕಿತ್ತುಕೊಡಬೇಕೆಂದು ಮೊದಲೇ ಹೇಳಿರಿ. ಕತ್ತಾಳೆಯೂ ಹಾಗೆಯೇ, ಬುಡದ ಮರಿಗಳನ್ನು ಬಿಟ್ಟರೆ ಮತ್ತೆ ಹಬ್ಬುತ್ತದೆ. ಕಳ್ಳಿ ಬೇಲಿ ಕಡಿಯುವಾಗ ಹಾಲು ಕಣ್ಣಿಗೆ ಸಿಡಿಯದಂತೆ ಕನ್ನಡಕ ಹಾಕಿಸಬೇಕು. ಸಿಡಿದರೆ ಧಾರಾಳವಾಗಿ ನೀರಿನಿಂದ ತೊಳೆದು ಕೂಡಲೇ ವೈದ್ಯರಲ್ಲಿಗೆ ಹೋಗಬೇಕು, ಕೆಲ ಕಾಲ ಕಣ್ಣೇ ಕಾಣದಂತಾಗುವುದುಂಟು. ಅಂದ ಹಾಗೆ, ಗಾಳಿ ತಡೆಯುವ, ಹಸಿರೆಲೆ ಕೊಡುವ ಒಳ್ಳೆಯ ಹಸಿರು ಬೇಲಿಯಿದ್ದರೆ ಅದನ್ನು ಪೂರ್ತಿ ಕೀಳಿಸುವ ಅಗತ್ಯವಿದೆಯೇ ಎಂದು ಇನ್ನೊಮ್ಮೆ ಯೋಚಿಸಿರಿ. ದಾರಿಗೆ ಬೇಕಾದಷ್ಟನ್ನೇ ತೆಗೆಸಿದರೆ ಸಾಕಾಗಬಹುದು.

ಹಸುವಿನ ಹೊಟ್ಟೆಗೆ ಹೋಗುವ ತಂತಿ

ಮೊದಲೇ ಹೇಳಿದ ಹಸುವಿನ ವಿಷಯ ಇದು. ಹಳೆ ಮುಳ್ಳುತಂತಿಯನ್ನು ಎಳೆದಾಗ ತುಕ್ಕು ಹಿಡಿದ ಕಡೆ ತುಂಡಾಗುತ್ತದೆ. ಅವಸರದ ಕೆಲಸಗಾರರು ಕಂಬದ ಹತ್ತಿರ ಕಟ್ಟಿದ ಸಣ್ಣ ತಂತಿಗಳನ್ನು ಕತ್ತರಿಸಿ ಅಲ್ಲೇ ಬಿಡುತ್ತಾರೆ. ಬೆರಳುದ್ದದ ಆ ಚೂರುಗಳು ಹುಲ್ಲಿನಲ್ಲಿ ಸೇರಿಹೋಗುತ್ತವೆ. ಬದುವಿನ ಹುಲ್ಲು ಕೊಯ್ದಾಗ ಮೇವಿನ ಜೊತೆ ಕೊಟ್ಟಿಗೆಗೆ ಬರುತ್ತವೆ. ಮೇವು ಕತ್ತರಿಸುವ ಯಂತ್ರಕ್ಕೆ ಸಿಕ್ಕರೆ ಇನ್ನಷ್ಟು ಚೂರಾಗಿ ಮೊನೆಯಾಗುತ್ತವೆ.

ದನಗಳು ಮೇವನ್ನು ಅರೆಬರೆ ಅಗಿದು ನುಂಗಿ, ಆಮೇಲೆ ಮೆಲುಕು ಹಾಕುತ್ತವೆ. ಬಾಯಲ್ಲಿ ತಂತಿ ಇರುವುದು ಅವಕ್ಕೆ ತಿಳಿಯುವುದೇ ಇಲ್ಲ. ಭಾರವಾದ ಕಬ್ಬಿಣದ ಚೂರು ಜೇನುಗೂಡಿನ ಆಕಾರದ ಎರಡನೇ ಹೊಟ್ಟೆಯಲ್ಲಿ ಹೋಗಿ ನಿಲ್ಲುತ್ತದೆ. ಆ ಚೀಲದ ಮುಂದೆ ತೆಳುವಾದ ವಪೆ, ಅದರಾಚೆ ಹೃದಯ. ಹೊಟ್ಟೆ ಕುಗ್ಗಿ ಹಿಗ್ಗಿದಂತೆಲ್ಲ ತಂತಿಯ ಮೊನೆ ಮುಂದಕ್ಕೆ ಚುಚ್ಚುತ್ತಾ ಹೋಗುತ್ತದೆ. ತುಂಬು ಗಬ್ಬದ ಹಸುವಿನಲ್ಲಿ, ಈಯುವ ಹೊತ್ತಿನಲ್ಲಿ ಒತ್ತಡ ಇನ್ನೂ ಹೆಚ್ಚು. ಮೊದಲು ಮೇವು ಬಿಡುತ್ತದೆ, ಹಾಲು ಒಮ್ಮೆಲೇ ಇಳಿಯುತ್ತದೆ. ಬೆನ್ನು ಕಮಾನಾಗಿಸಿ, ಮುಂಗಾಲಿನ ಮೊಣಕೈಯನ್ನು ಹೊರಕ್ಕೆ ಮಾಡಿ ನಿಲ್ಲುತ್ತದೆ. ಇಳಿಜಾರಿನಲ್ಲಿ ಇಳಿಯಲು ಒಪ್ಪುವುದಿಲ್ಲ. ಕೊನೆಗೆ ಎದೆಯ ಮುಂದೆ, ಗಂಗೆದೊಗಲಿನಲ್ಲಿ ನೀರು ತುಂಬಿದಂತೆ ಊತ ಕಾಣುತ್ತದೆ. ಆ ಹಂತಕ್ಕೆ ಬಂದರೆ ಉಳಿಯುವುದು ಬಹು ಅಪರೂಪ. ಮೊದಲ ಲಕ್ಷಣ ಕಂಡಾಗಲೇ ಪಶುವೈದ್ಯರಿಗೆ ತೋರಿಸಿ, ‘ಹೊಲದಲ್ಲಿ ಬೇಲಿ ಕಿತ್ತಿದ್ದೆವು’ ಎಂದು ಹೇಳಿರಿ. ಆ ಒಂದು ಮಾತು ಅವರಿಗೆ ರೋಗ ಗುರುತಿಸಲು ಬಹಳ ಸಹಾಯವಾಗುತ್ತದೆ.

ಆದ್ದರಿಂದ ತಂತಿಯನ್ನು ಸಾಲುಸಾಲಾಗಿ ಬಿಚ್ಚಿ ಸುರುಳಿ ಸುತ್ತಿ ಕೊಡಬೇಕು, ಕಟ್ಟುತಂತಿಯ ಚೂರುಗಳನ್ನು ಡಬ್ಬದಲ್ಲಿ ಹಾಕಬೇಕು ಎಂಬುದು ಗುತ್ತಿಗೆಯ ಷರತ್ತಾಗಿರಲಿ. ಕೆಲಸ ಮುಗಿದ ಮೇಲೆ ಹಳೆಯ ಲೌಡ್‌ಸ್ಪೀಕರಿನ ಅಯಸ್ಕಾಂತವನ್ನು ಹಗ್ಗಕ್ಕೆ ಕಟ್ಟಿ ಬೇಲಿಯ ಸಾಲಿನುದ್ದಕ್ಕೂ ಎರಡು ಬಾರಿ ಎಳೆಯಿರಿ. ಎಷ್ಟು ಚೂರು ಅಂಟುತ್ತದೆ ಎಂದು ನೋಡಿದರೆ ನಿಮಗೇ ಆಶ್ಚರ್ಯವಾಗುತ್ತದೆ. ಶಾಲೆಗೆ ಹೋಗುವ ಮಕ್ಕಳಿಗೆ ಈ ಕೆಲಸ ಕೊಟ್ಟರೆ ಸಂತೋಷದಿಂದ ಮಾಡುತ್ತಾರೆ, ಆದರೆ ಕಾಲಿಗೆ ಚಪ್ಪಲಿ ಇರಲಿ.

ಒಂದು ಚೀಟಿ ಬರೆದುಕೊಳ್ಳಿರಿ

ನಮ್ಮೂರಿನವನೇ, ಬಾಯಿಮಾತು ಸಾಕು ಎನ್ನುವುದು ರೂಢಿ. ನಮ್ಮೂರಿನವನೇ ಆದ್ದರಿಂದ ಬರೆದುಕೊಳ್ಳುವುದು ಇನ್ನೂ ಒಳ್ಳೆಯದು, ನಾಳೆ ಮುಖ ಮುರಿಯುವ ಮಾತು ಬರುವುದಿಲ್ಲ. ಈ ರೀತಿ ಬರೆದರೆ ಸಾಕು:

‘ಸರ್ವೆ ನಂಬರು ..... ರ ....... ಪಕ್ಕದ ಹಳೆ ಬೇಲಿಯ ..... ಕಲ್ಲುಕಂಬಗಳನ್ನೂ ..... ಸಾಲು ತಂತಿಯನ್ನೂ ತೆಗೆಯುವುದು. ಕಂಬಗಳನ್ನು ಮಾಲೀಕರು ತೋರಿಸಿದ ಜಾಗದಲ್ಲಿ ಜೋಡಿಸುವುದು. ತಂತಿಯನ್ನು ಸುರುಳಿ ಸುತ್ತಿ, ಚೂರುಗಳನ್ನು ಆರಿಸಿ ಕೊಡುವುದು. ಕಂಬ, ತಂತಿ, ಸೌದೆ ಮಾಲೀಕರಿಗೆ ಸೇರಿದ್ದು. ಬಣ್ಣ ಬಳಿದ ಕಲ್ಲು, ಬದು, ಗುರುತು ಮಾಡಿದ ಮರಗಳನ್ನು ಮುಟ್ಟುವಂತಿಲ್ಲ. ಗುಂಡಿಗಳನ್ನು ಮುಚ್ಚಿ ಗಟ್ಟಿಸಿ ಕೊಡುವುದು. ಇಡಿಯಾದ ಕಂಬಕ್ಕೆ ರೂ. ....., ಮುಂಗಡ ರೂ. ....., ಬಾಕಿಯನ್ನು ಇಬ್ಬರೂ ಸಾಲು ನಡೆದು ನೋಡಿದ ಮೇಲೆ ಕೊಡುವುದು. ಪೈಪು, ಕೇಬಲ್ ತೋರಿಸಿದ ಮೇಲೆ ಮುರಿದರೆ ದುರಸ್ತಿ ಗುತ್ತಿಗೆದಾರನದು.’

ಕೆಳಗೆ ತಾರೀಖು, ಇಬ್ಬರ ಸಹಿ, ಇಬ್ಬರು ಸಾಕ್ಷಿಗಳ ಸಹಿ. ಸಾಕ್ಷಿಗಳಲ್ಲಿ ಒಬ್ಬರು ಪಕ್ಕದ ಹೊಲದವರಾದರೆ ಬಹಳ ಉತ್ತಮ. ಮುಂಗಡ ಒಟ್ಟು ಹಣದ ಕಾಲು ಭಾಗಕ್ಕಿಂತ ಹೆಚ್ಚು ಬೇಡ. ಪೂರ್ತಿ ಹಣ ಮೊದಲೇ ಪಡೆದವನು ಗುಂಡಿ ಮುಚ್ಚಲು ಬರುವುದು ಅನುಮಾನ.

ಕೆಲಸದ ದಿನ ನೀವೋ ಮನೆಯ ತಿಳಿವಳಿಕೆಯುಳ್ಳ ಒಬ್ಬರೋ ಹೊಲದಲ್ಲೇ ಇರತಕ್ಕದ್ದು. ಪಂಪ್‌ಸೆಟ್ಟಿನ ಕೇಬಲ್, ಹನಿ ನೀರಾವರಿಯ ಪೈಪು ಎಲ್ಲಿ ಹೋಗಿದೆ ಎಂದು ಕಡ್ಡಿ ನೆಟ್ಟು ತೋರಿಸಿರಿ. ಸೋಲಾರ್ ಬೇಲಿಯಾದರೆ ಮೊದಲು ಯಂತ್ರ ಬಂದ್ ಮಾಡಿ ಬ್ಯಾಟರಿ ಬಿಚ್ಚಿರಿ. ವಿದ್ಯುತ್ ಕಂಬಕ್ಕೆ ಆಸರೆಯಾಗಿ ಎಳೆದು ಕಟ್ಟಿದ ತಂತಿ ಬೇಲಿಯ ಬಳಿ ಇದ್ದರೆ ಅದನ್ನು ಯಾರೂ ಮುಟ್ಟಕೂಡದು, ಲೈನ್‌ಮನ್‌ಗೆ ಹೇಳಿ ಕರೆಸಬೇಕು. ಬಿಗಿಯಾಗಿರುವ ಮುಳ್ಳುತಂತಿಯನ್ನು ಕತ್ತರಿಸಿದಾಗ ಚಾಟಿಯಂತೆ ಹಿಂದಕ್ಕೆ ಹಾರುತ್ತದೆ. ಮೊದಲು ಮೂಲೆಯ ಕಂಬದಲ್ಲಿ ಬಿಗಿ ಸಡಿಲಿಸಬೇಕು, ಕೈಗೆ ಚರ್ಮದ ಗವಸು ಇರಬೇಕು. ತುಕ್ಕು ತಂತಿ ಗೀರಿದರೆ ಆಸ್ಪತ್ರೆಗೆ ಹೋಗಿ ಧನುರ್ವಾಯುವಿನ ಚುಚ್ಚುಮದ್ದಿನ ಬಗ್ಗೆ ಕೇಳಿರಿ. ಪೊದೆಯಲ್ಲಿ, ಕಲ್ಲಿನ ಸಂದಿಯಲ್ಲಿ ಹಾವಿರುತ್ತದೆ, ಕೈ ಹಾಕುವ ಮೊದಲು ಕೋಲಿನಿಂದ ಬಡಿಯಲಿ.

ಮಲೆನಾಡಿನ ಓದುಗರಿಗೆ ಒಂದು ಮಾತು. ಮನೆಯಂಗಳದ ಹಳೆಯ ಅಡಿಕೆ ಅಟ್ಟವನ್ನು ಬಿಚ್ಚಿಸುವಾಗಲೂ ಮೇಲಿನ ಕ್ರಮವೇ. ಆದರೆ ಅಲ್ಲಿ ಅಪಾಯ ಕಾಲಡಿಯಲ್ಲಿದೆ. ಮಳೆಗೆ ನೆನೆದ ಅಡಿಕೆ ದಬ್ಬೆ ಮೇಲೆ ಗಟ್ಟಿಯಾಗಿ ಕಂಡರೂ ಒಳಗೆ ಟೊಳ್ಳಾಗಿರುತ್ತದೆ. ಅಟ್ಟದ ಮೇಲೆ ಹತ್ತಿ ನಿಂತು ಬಿಚ್ಚಲು ಯಾರನ್ನೂ ಬಿಡಬೇಡಿರಿ. ಏಣಿ ಇಟ್ಟು ಪಕ್ಕದಿಂದ ದಬ್ಬೆಗಳನ್ನು ತೆಗೆದು, ಅಡ್ಡ ತೊಲೆಗಳನ್ನು ಇಳಿಸಿ, ಕೊನೆಗೆ ಕಂಬ ಕೀಳಬೇಕು. ಮೊದಲೇ ಕಂಬ ಎಳೆದರೆ ಇಡೀ ಅಟ್ಟ ಕೆಲಸಗಾರರ ಮೇಲೆ ಕೂರುತ್ತದೆ. ಮೊಳೆಗಳ ವಿಷಯದಲ್ಲಿ, ಅಂಗಳದಲ್ಲಿ ಓಡಾಡುವ ದನಕರುಗಳನ್ನು ನೆನಪಿಟ್ಟುಕೊಳ್ಳಿರಿ.

ಬಾಕಿ ಹಣ ಕೊಡುವ ಮುನ್ನ ಗುತ್ತಿಗೆದಾರನ ಜೊತೆ ಸಾಲಿನುದ್ದಕ್ಕೂ ನಡೆಯಿರಿ. ಕಂಬಗಳ ರಾಶಿಯನ್ನು ಎಣಿಸಿ, ಚೀಟಿಯಲ್ಲಿರುವ ಸಂಖ್ಯೆಗೆ ತಾಳೆ ನೋಡಿರಿ. ಬಣ್ಣ ಬಳಿದ ಕಲ್ಲುಗಳು ಅಲ್ಲಲ್ಲೇ ಇವೆಯೇ ಎಂದು ನೋಡಿರಿ. ಗುಂಡಿಗಳಿಗೆ ಮಣ್ಣು ತುಂಬಿ ತುಳಿಸಿ, ನೆಲದ ಮಟ್ಟಕ್ಕಿಂತ ಗೇಣಷ್ಟು ಎತ್ತರ ಏರಿಸಿರಬೇಕು, ಮಳೆಗೆ ಅದು ಕುಸಿದು ಸಮವಾಗುತ್ತದೆ. ಮೊದಲ ಜೋರು ಮಳೆ ಬಂದು ಹೋದ ಮೇಲೆ, ಮಣ್ಣಿನಲ್ಲಿ ಹುದುಗಿದ್ದ ತಂತಿಯ ಚೂರುಗಳು ಮೇಲೆ ಕಾಣುತ್ತವೆ. ಆಗ ಅಯಸ್ಕಾಂತವನ್ನು ಇನ್ನೊಮ್ಮೆ ಎಳೆದು, ಅಲ್ಲಿಯವರೆಗೆ ಆ ಬದುವಿನ ಹುಲ್ಲನ್ನು ದನಗಳಿಗೆ ಕೊಯ್ದು ಹಾಕದಿರಿ.